ಹತ್ತು ನಿಮಿಷದ ಬಹಿರಂಗ

ಪ್ಯಾರಿಷ್ ಕಚೇರಿಯ ಗುಮಾಸ್ತ ಥೆರಿಯೊ ಎದ್ದು ಹೋಗಿ ಕಿಟಕಿ ತೆರೆದ. ಕೋಣೆಯಲ್ಲಿ ಸೆಖೆಯೇನೂ ಇರಲಿಲ್ಲ. ವರ್ಡೆಲ್‌ಳ ಕೈಯ ಸೀಗಡಿ ವಾಸನೆ ಅವನಿಗೆ ಆಗಲಿಲ್ಲ, ಅಷ್ಟೇ.

“ಕೈ ತೊಳ್ಕೊಂಡು ಬರೋಕೆ ಏನಾಗಿತ್ತು?”

“ಮೂರು ಸಲ ತೊಳ್ದಿದೀನಿ ಸ್ವಾಮಿ. ನಿಂಬೆಹಣ್ಣು ಹಿಂಡಿ ತೊಳ್ದಿದೀನಿ. ಮೂವತ್ತೊಂದು ವರ್ಷದ ವಾಸನೆ ಇದು, ಮೂರು ಸಲಕ್ಕೆ ಹೋಗಲ್ಲ.”

ಅವಳಿಗೆ ಐವತ್ತೆಂಟು. ಅವನಿಗೆ ಮೂವತ್ತೂ ತುಂಬಿರಲಿಲ್ಲ. ಆದರೂ ಏಕವಚನ. ಬ್ಯಾಗ್ ಇಲ್ಲಿಡು, ಫೋನು ಇಲ್ಲಿಡು, ಪೆನ್ನಿದ್ದರೆ ತೆಗಿ, ಜೇಬು ಒಳಗಿಂದ ಹೊರಕ್ಕೆ ತಿರುಗಿಸು, ತೋಳೆತ್ತು. ವರ್ಡೆಲ್ ತೋಳೆತ್ತಿದಳು. ಬೆಳಗಿನ ಐದರಿಂದ ಐಸಿನ ನೀರಿನಲ್ಲಿ ಕೈ ಇಟ್ಟು, ಸೀಗಡಿಯ ತಲೆ ಚಿವುಟಿ, ಸಿಪ್ಪೆ ಎಳೆದು, ಬೆನ್ನಿನ ಕರೀ ನರ ಕಿತ್ತು ಬಂದವಳು. ಭುಜ ಕಿತ್ತು ಬರುವಂತೆ ನೋಯುತ್ತಿತ್ತು. ಅವನು ಅವಳ ತಲೆಗೆ ಕಟ್ಟಿದ ಬಟ್ಟೆಯನ್ನೂ ಬಿಚ್ಚಿಸಿ ನೋಡಿದ. ಒಳಗೆ ನರೆತ ಕೂದಲು ಬಿಟ್ಟರೆ ಏನೂ ಇರಲಿಲ್ಲ.

ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ‘ಕೊಳವೆಗಳಲ್ಲಿ ಹರಿಯುವ ವಸ್ತುಗಳ ವಿವರ ಸಾರ್ವಜನಿಕರಿಗೆ ಬಹಿರಂಗ.’ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಆ ಬಹಿರಂಗ ಹೇಗಿರಬೇಕು ಅನ್ನುವುದಿತ್ತು. ಈ ಪ್ಯಾರಿಷ್‌ನ, ಅಂದರೆ ಈ ಜಿಲ್ಲೆಯ ನಿವಾಸಿಗಳಿಗೆ ಮಾತ್ರ. ಮೊದಲೇ ಹೆಸರು ಬರೆಸಿದವರಿಗೆ ಮಾತ್ರ, ಅದೂ ಶುಕ್ರವಾರ ಮಾತ್ರ. ಒಂದು ಸಲಕ್ಕೆ ಒಬ್ಬರು, ಒಬ್ಬರಿಗೆ ಹತ್ತು ನಿಮಿಷ. ಬರೆದುಕೊಳ್ಳುವ ಹಾಗಿಲ್ಲ, ಫೋಟೋ ತೆಗೆಯುವ ಹಾಗಿಲ್ಲ. ಒಮ್ಮೆ ನೋಡಿದವರು ಏಳು ದಿನ ಮತ್ತೆ ನೋಡುವ ಹಾಗಿಲ್ಲ. ಒಂದೇ ಒಂದು ಪ್ರತಿ, ಒಂದು ಬೀರುವಿನಲ್ಲಿ, ಬೀಗದ ಕೈ ಥೆರಿಯೊನ ಸೊಂಟದಲ್ಲಿ. ಇದಕ್ಕೆ ಇವರು ಬಹಿರಂಗ ಅನ್ನುತ್ತಾರೆ. ಗುಟ್ಟು ಅಂದರೆ ಇನ್ನು ಹೇಗಿರುತ್ತದೋ!

ಥೆರಿಯೊ ಮೂರು ಹಾಳೆಯ ಕಡತ ಮೇಜಿನ ಮೇಲಿಟ್ಟ. ಪಕ್ಕದಲ್ಲಿ ಮೊಟ್ಟೆ ಬೇಯಿಸುವಾಗ ಇಡುತ್ತಾರಲ್ಲ, ಅಂಥ ಬಿಳೀ ಟೈಮರ್ ಇಟ್ಟು ಹತ್ತಕ್ಕೆ ತಿರುಗಿಸಿದ. ಅದು ಕಿಟಿಕಿಟಿ ಅನ್ನತೊಡಗಿತು.

ವರ್ಡೆಲ್ ಮೂರನೇ ಭಾಗ ಹುಡುಕಿ ನೇರ ಎರಡನೇ ಹಾಳೆಗೆ ಹೋದಳು. ಆಸ್ಪತ್ರೆಯ ಡಾಕ್ಟರು ಹೇಳಿ ಕಳಿಸಿದ್ದು ಅದನ್ನೇ: ಮೂರನೇ ಭಾಗ ನೋಡಿ, ಹೆಸರುಗಳು ಅಲ್ಲಿರುತ್ತವೆ. ಇದ್ದವು. ಎರಡು ಹೆಸರು. ಒಂದೊಂದೂ ಗೂಡ್ಸ್ ರೈಲಿನಷ್ಟು ಉದ್ದ, ನಡುನಡುವೆ ಅಂಕಿ, ಗೆರೆ. ಮೊದಲನೆಯದನ್ನು ಹತ್ತು ಸಲ ಓದಿದಳು. ಎರಡನೆಯದಕ್ಕೆ ಹೋದರೆ ಮೊದಲನೆಯದು ಮರೆತಿತ್ತು. ಮೊದಲನೆಯದಕ್ಕೆ ವಾಪಸ್ ಬಂದಳು. ಟೈಮರ್ ಕಿರುಚಿತು. ಥೆರಿಯೊ ಅವಳ ಬೆರಳಡಿಯಿಂದ ಹಾಳೆ ಎಳೆದುಕೊಂಡ.

ಒಂದು ಹೆಸರನ್ನಾದರೂ ನಾಲಿಗೆಯ ಮೇಲೆ ಹೊತ್ತು ಮೆಟ್ಟಿಲಿಳಿಯುತ್ತಿದ್ದಳು. ಎದುರಿಗೆ ಬಂದ ಮುದುಕರೊಬ್ಬರು ಟೋಪಿ ತೆಗೆದು, “ಚೆನ್ನಾಗಿದೀಯೇನಮ್ಮ?” ಅಂದರು. ಹಿರಿಯರು ಮಾತಾಡಿಸಿದರೆ ಬಾಯಿ ಮುಚ್ಚಿಕೊಂಡು ಹೋಗುವ ಮಂದಿಯಲ್ಲ ವರ್ಡೆಲ್‌ಳ ಕಡೆಯವರು. “ದೇವರ ದಯೆ, ನೀವು ಹೇಗಿದೀರಿ?” ಅಂದುಬಿಟ್ಟಳು. ಅಂದ ಮೇಲೆ ನಾಲಿಗೆ ಬರಿದಾಗಿತ್ತು. ಕೊನೆಯ ಮೆಟ್ಟಿಲ ಮೇಲೆ ಕೂತು ತನ್ನ ತಲೆಗೆ ತಾನೇ ಹೊಡೆದುಕೊಂಡಳು.

ಆ ಹೆಸರು ಅವಳ ತಮ್ಮ ಕ್ಲೋವಿಸ್‌ನ ಉಸಿರಿಗೆ ಬೇಕಾಗಿತ್ತು.

ಮೂರು ದಿನದ ಹಿಂದೆ, ಮಂಗಳವಾರ ಬೆಳಿಗ್ಗೆ, ಕ್ಲೋವಿಸ್ ಸ್ಮಶಾನದಲ್ಲಿ ಅವ್ವನ ಸಮಾಧಿಗೆ ಸುಣ್ಣ ಬಳಿಯುತ್ತಿದ್ದ. ಸತ್ತವರನ್ನು ನೆನೆಯುವ ಹಬ್ಬಕ್ಕೆ, ನವೆಂಬರ್ ಒಂದಕ್ಕೆ, ಸೈಲಾಸ್ ಲೇನ್‌ನ ಸಮಾಧಿಗಳೆಲ್ಲ ಬೆಳ್ಳಗಿರಬೇಕು. ಬಿಡುಗಡೆಯಾದ ಕರಿಯ ಗುಲಾಮರು ಮಿಸಿಸಿಪ್ಪಿಯ ದಂಡೆಯಲ್ಲಿ ಕಟ್ಟಿಕೊಂಡ ಲೇನ್ ಅದು. ನಲವತ್ತು ಮನೆ, ಒಂದು ಚರ್ಚು, ಹಿಂದೆ ತಗ್ಗಿನಲ್ಲಿ ಸ್ಮಶಾನ, ಅದರಾಚೆ ಕಬ್ಬಿನ ಗದ್ದೆ. ಸ್ಮಶಾನದ ಬೇಲಿಗೆ ಒತ್ತಿ ನೆಲದಡಿಯಲ್ಲಿ ರಾಸಾಯನಿಕ ಕಂಪನಿಯ ಕೊಳವೆ. ಬಿಳಿಯರ ಊರಿನ ಕಡೆ ಹೋಗಬೇಕಿದ್ದದ್ದು ನಕ್ಷೆಯಲ್ಲಿ ಬಾಗಿ ಇಲ್ಲಿಗೆ ಬಂತು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರು ಎಲ್ಲ ಸೀಮೆಯಲ್ಲೂ ಇದ್ದಾರೆ.

ಬೇಲಿಯ ಕಡೆಯಿಂದ ಬೆಳ್ಳಗೆ ಏನೋ ನೆಲ ಹಿಡಿದು ತೆವಳಿ ಬಂತು. ಲೂಸಿಯಾನದಲ್ಲಿ ಅದು ಕಬ್ಬಿನ ಗದ್ದೆ ಸುಡುವ ಕಾಲ. ಹೊಗೆ ಕಂಡರೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಕ್ಲೋವಿಸ್ ಕೂಡ ನೋಡಲಿಲ್ಲ. ಬಳಿಯುತ್ತಲೇ ಇದ್ದ. ಅರ್ಧ ಗಂಟೆಯ ಮೇಲೆ ಪಕ್ಕದ ಮನೆಯ ಅರ್ಲೀನ್ ಬಂದು ನೋಡಿದರೆ ಸಮಾಧಿ ಅರ್ಧ ಬಿಳಿ, ಅರ್ಧ ಕಪ್ಪು, ಕ್ಲೋವಿಸ್ ಮೊಗಚಿ ಬಿದ್ದಿದ್ದಾನೆ, ಕುಂಚ ಇನ್ನೂ ಕೈಯಲ್ಲಿದೆ. ಅವನನ್ನು ಎಳೆದು ತಂದ ಅರ್ಲೀನ್ ಎರಡು ದಿನ ವಾಂತಿ ಮಾಡಿದಳು.

ಕಂಪನಿಯವನು ಬಿಳೀ ಲಾರಿಯಲ್ಲಿ ಬಂದು, “ಕಬ್ಬಿನ ಹೊಗೆ” ಅಂದ.

“ಕಬ್ಬಿನ ಹೊಗೆ ಬೆಲ್ಲ ಸೀದ ವಾಸನೆ ಬರುತ್ತೆ ಕಣಯ್ಯ,” ಅಂದಳು ಅರ್ಲೀನ್. “ಇದಕ್ಕೆ ವಾಸನೆನೇ ಇರ್ಲಿಲ್ಲ. ಬಾಯಲ್ಲಿ ಕಾಸು ಚೀಪಿದಂಗಾಯ್ತು. ನಾವೇನು ನಿನ್ನೆ ಹುಟ್ಟಿದೋರಾ?”

“ಆತ ಸುಣ್ಣದ ಧೂಳನ್ನೂ ಕುಡಿದಿರಬಹುದು,” ಅಂದು ಅವನು ಲಾರಿ ತಿರುಗಿಸಿದ.

ನಗರದ ಆಸ್ಪತ್ರೆಯಲ್ಲಿ ಕ್ಲೋವಿಸ್‌ನ ಬಾಯಿಗೆ ಕೊಳವೆ ಹಾಕಿದ್ದರು. ಊರ ಹಿಂದೆ ಕೊಳವೆ, ತಮ್ಮನ ಬಾಯಲ್ಲೂ ಕೊಳವೆ. ಆದರೆ ಇಲ್ಲಿ ತೂಗುಹಾಕಿದ ಚೀಲದ ಮೇಲೆ ಒಳಗೇನಿದೆ ಅಂತ ಬರೆದಿತ್ತು: ನೀರು ಇಷ್ಟು, ಉಪ್ಪು ಇಷ್ಟು. ಡಾಕ್ಟರ್ ಫಾಮ್ ಚಿಕ್ಕ ವಯಸ್ಸಿನ ಹೆಂಗಸು. ಅವಳ ಅಪ್ಪನೂ ಸೀಗಡಿ ದೋಣಿಯವನು. ಅವಳು ಕಿಟಕಿ ತೆರೆಯಲಿಲ್ಲ. ವರ್ಡೆಲ್‌ಳ ಪಕ್ಕದಲ್ಲೇ ಕೂತಳು.

“ಅಮ್ಮ, ಇವರು ಏನು ಉಸಿರಾಡಿದಾರೆ ಅಂತ ಗೊತ್ತಾದ್ರೆ ಅದಕ್ಕೆ ತಕ್ಕ ಮದ್ದು ಕೊಡಬಹುದು. ಗೊತ್ತಿಲ್ದೆ ಕೊಟ್ರೆ ಇರೋ ಉಸಿರೂ ಹೋಗಬಹುದು.”

“ಕಂಪನಿಯೋರನ್ನ ಕೇಳಿ ತಾಯಿ.”

“ಕೇಳ್ದೆ. ಹದಿನಾಲ್ಕು ಪುಟದ ಕರಾರು ಕಳಿಸಿದಾರೆ. ಸಹಿ ಹಾಕಿದ್ರೆ ನಂಗೊಬ್ಬಳಿಗೆ ಹೇಳ್ತಾರಂತೆ. ಆಮೇಲೆ ನಾನು ನಿಮಗೂ ಹೇಳೋ ಹಾಗಿಲ್ಲ, ರಾತ್ರಿ ಡ್ಯೂಟಿ ಡಾಕ್ಟ್ರಿಗೂ ಹೇಳೋ ಹಾಗಿಲ್ಲ, ಕೇಸ್ ಶೀಟಲ್ಲೂ ಬರೆಯೋ ಹಾಗಿಲ್ಲ. ವ್ಯಾಪಾರದ ಗುಟ್ಟಂತೆ. ನಮ್ಮ ಲಾಯರು ಇನ್ನೂ ಓದ್ತಾನೇ ಇದಾರೆ.”

“ನಾಯಿ ಬಿಸ್ಕತ್ ಪೊಟ್ಟಣದ ಮೇಲೂ ಒಳಗೇನಿದೆ ಅಂತ ಬರೀತಾರೆ!” ಅಂತ ವರ್ಡೆಲ್ ಕೂಗಿದಳು. “ನಾನು ಸುಲಿಯೋ ಸೀಗಡಿ ಡಬ್ಬಿ ಮೇಲೆ ಬರೀದಿದ್ರೆ ಶೆಡ್ಡಿಗೆ ಬೀಗ ಹಾಕ್ತಾರೆ! ನಮ್ಮ ಹಿತ್ತಲಲ್ಲಿ ಹೂತಿರೋದಕ್ಕೆ ಮಾತ್ರ ಹೆಸರಿಲ್ವಾ?”

ಪ್ಯಾರಿಷ್ ಕಚೇರಿಯಲ್ಲಿ ಒಂದು ಹಾಳೆ ಇರಬೇಕು, ನಾನು ಈ ನಗರದವಳು, ನಿಮ್ಮ ಪ್ಯಾರಿಷ್‌ನವಳಲ್ಲ, ನನಗೆ ತೋರಿಸುವುದಿಲ್ಲ, ನೀವು ಹೋಗಿ ನೋಡಿ ಅಂತ ಕಳಿಸಿದ್ದು ಡಾಕ್ಟರೇ. ಹೋದಳು. ನೋಡಿದಳು. ಬರಿಗೈಯಲ್ಲಿ ಬಂದಳು.

ಭಾನುವಾರ ಚರ್ಚಿನಲ್ಲಿ ವರ್ಡೆಲ್ ಎದ್ದು ನಿಂತು ಎಲ್ಲ ಹೇಳಿದಳು. ಮೆಟ್ಟಿಲ ಮೇಲೆ ಕಳೆದುಕೊಂಡದ್ದನ್ನೂ ಹೇಳಿದಳು. ಹೇಳುವಾಗ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಮುಂದಿನ ಸಾಲಿನಲ್ಲಿದ್ದ ಹೋರೇಸ್ ತಾತ ಕೋಲೂರಿ ಎದ್ದ. ಚರ್ಚಿನಲ್ಲಿ ಪ್ರಾರ್ಥನೆ, ಹಾಡು ನಡೆಸುವ ಎಂಬತ್ತಾರು ವರ್ಷದ ಹಿರಿಯ ಡೀಕನ್. ಓದು ಬರಹ ಬಾರದು, ಆದರೆ ಇನ್ನೂರು ಹಾಡು ಹೊಟ್ಟೆಯಲ್ಲಿವೆ. ಅವನ ಮುತ್ತಜ್ಜಂದಿರ ಕಾಲದಲ್ಲಿ ಓದು ಕಲಿತವರ ಬೆನ್ನಿನ ಚರ್ಮ ಸುಲಿಯುತ್ತಿದ್ದರು. ಹಾಗಾಗಿ ಆ ಜನ ಒಂದು ದಾರಿ ಕಂಡುಕೊಂಡಿದ್ದರು. ಒಬ್ಬ ಒಂದು ಸಾಲು ಹೇಳುವುದು, ಮಿಕ್ಕವರು ಆ ಸಾಲನ್ನೇ ಎಳೆದೆಳೆದು ಹಾಡುವುದು. ಆಮೇಲೆ ಮುಂದಿನ ಸಾಲು. ಹಾಡಿದ್ದು ಹೋಗುವುದಿಲ್ಲ. ಸೈಲಾಸ್ ಲೇನ್‌ನಲ್ಲಿ ಇವತ್ತಿಗೂ ಹಾಗೇ ಹಾಡುತ್ತಾರೆ.

“ಒಬ್ಬಳ ತಲೇಲಿ ಅಷ್ಟೂ ಎಲ್ಲಿ ನಿಲ್ಲುತ್ತೆ?” ಅಂದ ತಾತ. “ಹನ್ನೆರಡು ಜನ ಹೋಗಿ. ಒಬ್ಬೊಬ್ಬರು ಒಂದೊಂದು ಸಾಲು ತನ್ನಿ. ಯಾರು ಮಾತಾಡಿಸಿದ್ರೂ ತುಟಿ ಬಿಚ್ಚಬೇಡಿ. ಕೆಳಗೆ ನಾನಿರ್ತೀನಿ. ನನ್ನ ಕಿವೀಲಿ ಹೇಳಿ. ಹಾಡೋಣ.”

“ಬರೀಬಾರ್ದು ಅಂತ ಇದೆ. ಹಾಡಬಾರ್ದು ಅಂತ ಎಲ್ಲಿದೆ?” ಅಂತ ಅರ್ಲೀನ್ ತೊಡೆ ತಟ್ಟಿಕೊಂಡಳು. ಎಷ್ಟೋ ದಿನದ ಮೇಲೆ ಚರ್ಚಿನಲ್ಲಿ ಜನ ನಕ್ಕರು.

ವರ್ಡೆಲ್ ಮಾತ್ರ ತಾತನ ಹತ್ತಿರ ಹೋಗಿ ಮೆತ್ತಗೆ ಹೇಳಿದಳು. “ತಾತ, ಹೆಸರು ಎರಡನೇ ಹಾಳೇಲಿದೆ. ಮೇಲಿನ ಹನ್ನೊಂದು ಸಾಲು ಬಿಟ್ಟು ಅಲ್ಲಿಂದಾನೇ ಶುರು ಮಾಡಿದ್ರೆ?”

“ಹಾಡನ್ನ ನಡುವಿನಿಂದ ಎತ್ತಿದೋರು ಯಾರೇ, ಮಗಳೇ?” ತಾತ ಬೇಸರದಿಂದ ನೋಡಿದ. “ಮೊದಲನೇ ಸಾಲು ಬಿಟ್ರೆ ಎರಡನೇದು ನಿಲ್ಲಲ್ಲ. ಹೆಸರು ನಿನ್ನ ಪಾಲಿಗೇ ಇರಲಿ. ನೀನು ಕೊನೇಲಿ ಹೋಗು.”

ಎಂಬತ್ತಾರು ವರ್ಷದವನ ಎದುರು ಅವಳು ಇನ್ನೊಂದು ಮಾತಾಡಲಿಲ್ಲ. ಹಿರಿಯರಿಗೆ ಎದುರಾಡದೆ ಬೆಳೆದ ಜೀವ. ಆ ಮರ್ಯಾದೆ ಹಾಳಾಗಿ ಹೋಗಲಿ! ಆಮೇಲೆ ಎಷ್ಟು ಸಲ ಹಾಗಂದುಕೊಂಡಳೋ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಹನ್ನೆರಡು ಜನ ಕಚೇರಿಯ ಮುಂದೆ ಸಾಲಾಗಿ ನಿಂತರು. ಎಲ್ಲರ ಹೆಸರೂ ಥೆರಿಯೊನ ಪುಸ್ತಕದಲ್ಲಿತ್ತು, ಬೇಡ ಅನ್ನುವ ಹಾಗಿರಲಿಲ್ಲ. ಮೆಟ್ಟಿಲ ಬುಡದಲ್ಲಿ ಹೋರೇಸ್ ತಾತ, ಅವನ ಹಿಂದೆ ಲೇನ್‌ನ ನಲವತ್ತು ಮಂದಿ. ಅರ್ಲೀನ್ ಫೋನ್ ಹಿಡಿದು ನಿಂತಿದ್ದಳು. ಆ ತುದಿಯಲ್ಲಿ ಡಾಕ್ಟರ್ ಫಾಮ್ ಪೆನ್ನು ಹಿಡಿದಿದ್ದಳು. ಹಿಂದಿನ ರಾತ್ರಿ ಕ್ಲೋವಿಸ್‌ನ ತುಟಿ ನೀಲಿಯಾಗಿತ್ತು. ಇವತ್ತು ಹೆಸರು ಸಿಗಲೇಬೇಕು ಅಂದಿದ್ದಳು ಅವಳು.

ಮೊದಲನೆಯವನು ಹೋಗಿ ಬಂದ. ತುಟಿ ಬಿಗಿ ಹಿಡಿದು, ಎಡಕ್ಕೂ ಬಲಕ್ಕೂ ನೋಡದೆ ಇಳಿದ. ತಾತನ ಕಿವಿಯಲ್ಲಿ ಹೇಳಿದ. ತಾತ ಕಣ್ಣು ಮುಚ್ಚಿ ದನಿಯೆತ್ತಿದ. ಕಂಪನಿಯ ಹೆಸರು. ನಲವತ್ತು ಮಂದಿ ಅದನ್ನು ಸಾವಿನ ಮನೆಯ ರಾಗದಲ್ಲಿ ಎಳೆದರು. ಎರಡನೆಯವರು ವಿಳಾಸ ತಂದರು. ಮೂರನೆಯವರು ಫೋನ್ ನಂಬರ್ ತಂದರು. ಆ ನಂಬರು ಕೊಳವೆ ಹೋದ ದಾರಿಯ ಹಳದಿ ಕಂಬದ ಮೇಲೂ ಇತ್ತು. ಕ್ಲೋವಿಸ್ ಬಿದ್ದ ಮಂಗಳವಾರ ಅರ್ಲೀನ್ ಅದಕ್ಕೆ ಒಂಬತ್ತು ಸಲ ಫೋನ್ ಮಾಡಿದ್ದಳು. ಒಂದು ಸಲವೂ ಯಾರೂ ಎತ್ತಿರಲಿಲ್ಲ. ಅದನ್ನೂ ಹಾಡಿದರು.

ವರ್ಡೆಲ್‌ಗೆ ಕಾಲು ನಿಲ್ಲುತ್ತಿರಲಿಲ್ಲ. ಒಂದು ಸಾಲು ಹಾಡಿ ಮುಗಿಸಲು ಐದು ನಿಮಿಷ. ಆ ರಾಗಕ್ಕೆ ಅವಸರ ಗೊತ್ತಿಲ್ಲ. ಬೇಗ ತಾತ, ಬೇಗ, ಅಂತ ಒಳಗೊಳಗೇ ಬಡಿದುಕೊಂಡಳು.

“ಬಣ್ಣ ಇಲ್ಲ. ಗಾಳಿ ಸೋಕಿದರೆ ಬಿಳೀ ಮಂಜು ಕಟ್ಟುತ್ತದೆ.”

“ವಾಸನೆ ಇಲ್ಲ.”

“ನೋಡು, ನಾನಂದಿದ್ದೆ!” ಅಂದಳು ಅರ್ಲೀನ್.

“ಗಾಳಿಗಿಂತ ಭಾರ. ತಗ್ಗಿನಲ್ಲಿ ನಿಲ್ಲುತ್ತದೆ.”

ಇದನ್ನು ಹಾಡುವಾಗ ಹಿಂದೆ ಯಾರೋ ಗೊಳೋ ಅಂದರು. ಸ್ಮಶಾನ ತಗ್ಗಿನಲ್ಲಿದೆ ಅಂತ ಕಂಪನಿಗೆ ಗೊತ್ತಿತ್ತು. ಅಲ್ಲಿ ನಿಲ್ಲುತ್ತದೆ ಅಂತಲೂ ಗೊತ್ತಿತ್ತು. ಬರೆದು ಬೀರುವಿನಲ್ಲಿಟ್ಟಿದ್ದರು.

ಆಗ ಬಿಳೀ ಲಾರಿ ಬಂತು. ಅದೇ ಕಂಪನಿಯವನು ಇಳಿದ. ನಲವತ್ತು ಕರಿಯರು ಒಂದು ಸುರಕ್ಷತಾ ಹಾಳೆಯನ್ನು ಹಾಡುವುದನ್ನು ಕಂಡು ಮೊದಲು ನಕ್ಕ. ಇನ್ನೊಂದು ಸಾಲು ಕೇಳಿಸಿಕೊಂಡ. ನಗು ನಿಂತಿತು. ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಹೋದ.

ಹನ್ನೊಂದನೆಯವಳು ಇಳಿದು ಬಂದಾಗ ಹನ್ನೆರಡು ಹೊಡೆದಿತ್ತು. ಅವಳು ತಾತನ ಕಿವಿಯಲ್ಲಿ ಹೇಳಿದಳು. ತಾತ, “ಏನಂದೆ?” ಅಂತ ಮತ್ತೆ ಕೇಳಿದ. ಅವಳು ಮತ್ತೆ ಹೇಳಿದಳು. ತಾತ ಗಂಟಲು ಸರಿಮಾಡಿಕೊಂಡು ಹೇಳಿದ:

“ಉಸಿರಾಡಿದವರು ಈ ಹಾಳೆಯನ್ನು ವೈದ್ಯರಿಗೆ ತೋರಿಸಬೇಕು.”

ನಲವತ್ತು ಮಂದಿ ಅದನ್ನೂ ಹಾಡಿದರು. ಹೊಟ್ಟೆಯಲ್ಲಿ ಬೆಂಕಿ ಬಿದ್ದವರ ಹಾಗೆ ಹಾಡಿದರು.

ವರ್ಡೆಲ್ ಮೆಟ್ಟಿಲಿಗೆ ಕಾಲಿಟ್ಟಳು. “ಊಟದ ಹೊತ್ತು,” ಅಂತ ಥೆರಿಯೊ ಬಾಗಿಲು ಹಾಕಿಕೊಂಡ. ಅವಳು ಮುಚ್ಚಿದ ಬಾಗಿಲ ಮುಂದೆ ಒಂದು ಗಂಟೆ ನಿಂತಳು. ಒಳಗೆ ಇಬ್ಬರ ಮಾತು ಕೇಳುತ್ತಿತ್ತು. ಒಂದು ಗಂಟೆಗೆ ಕಂಪನಿಯವನು ಹೊರಬಂದು ಅವಳ ಮುಖ ನೋಡದೆ ಇಳಿದು ಹೋದ.

ಥೆರಿಯೊ ಮತ್ತೆ ಕಿಟಕಿ ತೆರೆದ. ಮತ್ತೆ ಬ್ಯಾಗ್, ಫೋನು, ಜೇಬು, ತೋಳು, ತಲೆಬಟ್ಟೆ. ಕಡತ ಇಟ್ಟ. ಟೈಮರ್ ತಿರುಗಿಸಿದ.

ವರ್ಡೆಲ್ ಎರಡನೇ ಹಾಳೆ ತೆಗೆದಳು. ಮೂರನೇ ಭಾಗ. ಹನ್ನೆರಡನೇ ಸಾಲಿನ ಮೇಲೆ ಕಪ್ಪು ಪಟ್ಟಿ. ಹದಿಮೂರನೆಯದರ ಮೇಲೂ ಕಪ್ಪು ಪಟ್ಟಿ. ಶಾಯಿ ಇನ್ನೂ ಒಣಗಿರಲಿಲ್ಲ, ಹೆಬ್ಬೆರಳಿಗೆ ಅಂಟಿತು.

“ಇದೇನಿದು?”

“ದಾಖಲೆ ಪರಿಷ್ಕರಣೆ ಆಗಿದೆ.”

“ಹೋದ ಶುಕ್ರವಾರ ಇಲ್ಲಿ ಹೆಸರಿತ್ತು. ಈ ಕಣ್ಣಲ್ಲೇ ಓದಿದೀನಿ. ಇದೇ ಕುರ್ಚೀಲಿ ಕೂತು ಓದಿದೀನಿ.”

“ಹಾಗಾದ್ರೆ ಹೇಳು, ಏನಿತ್ತು?”

ಅವಳು ಬಾಯಿ ತೆರೆದಳು. ಏನೂ ಬರಲಿಲ್ಲ. ಥೆರಿಯೊ ಕಿರುನಗೆ ನಕ್ಕ. ಕಂಪನಿಯ ಮೇಲೆ ಸಿಟ್ಟು, ಇವನ ಮೇಲೆ ಸಿಟ್ಟು, ತಾತನ ಮೇಲೆ ಸಿಟ್ಟು, ಎಲ್ಲಕ್ಕಿಂತ ತನ್ನ ಮೇಲೆ. ಬಾಯಿ ಬಿಟ್ಟು ಹೇಳಬೇಕಿತ್ತು. ಭಾನುವಾರ ಚರ್ಚಿನಲ್ಲಿ ನೆಲಕ್ಕೆ ಕಾಲು ಬಡಿದು ಹೇಳಬೇಕಿತ್ತು. ಹನ್ನೊಂದು ಜನ ಹನ್ನೊಂದು ಕಸ ಹೊತ್ತು ತಂದರು, ಬೇಕಾದ್ದಕ್ಕೆ ಬರುವಷ್ಟರಲ್ಲಿ ಮಸಿ ಬಳಿದರು.

“ನನ್ನ ತಮ್ಮ ಸಾಯ್ತಿದಾನೆ,” ಅಂದಳು.

“ಅದಕ್ಕೆ ನಾನೇನು ಮಾಡ್ಲಿ? ನಿಯಮ.”

ಟೈಮರ್ ಕಿರುಚಿತು. ಥೆರಿಯೊ ಕೈ ಚಾಚಿದ. “ಮುಗೀತು. ಏಳು.”

ವರ್ಡೆಲ್ ಹಾಳೆಯ ಮೇಲೆ ಎಡಗೈ ಊರಿದಳು. ಬಲಗೈಯಲ್ಲಿ ಟೈಮರ್ ಹಿಡಿದು ಹತ್ತಕ್ಕೆ ತಿರುಗಿಸಿದಳು.

“ಏನ್ ಮಾಡ್ತಿದೀಯ?”

“ಓದೋಕೆ ಹತ್ತು ನಿಮಿಷ ಅಂತ ತಾನೇ ನಿಯಮ? ಓದೋಕೆ ಇಲ್ಲಿ ಏನೂ ಇಲ್ಲ. ನನ್ನ ಹತ್ತು ನಿಮಿಷ ಇನ್ನೂ ಶುರುವಾಗಿಲ್ಲ.”

“ಪೊಲೀಸ್ ಕರೀತೀನಿ.”

“ಕರಿ.”

ಅವನು ಹಾಳೆ ಎಳೆದ. ಅದು ಬರಲಿಲ್ಲ. ಮೂವತ್ತೊಂದು ವರ್ಷ ಸೀಗಡಿಯ ತಲೆ ಚಿವುಟಿದ ಬೆರಳು ಅವು. ಅವನು ಫೋನ್ ಎತ್ತಿಕೊಂಡ.

ಕೆಳಗಿಂದ ಅರ್ಲೀನ್ ಕೂಗಿದಳು. “ವರ್ಡೆಲಕ್ಕಾ! ಡಾಕ್ಟ್ರು ಕಾಯ್ತಿದಾರೆ! ಹೆಸರು ಸಿಕ್ತಾ?”

ಕಿಟಕಿ ಅವಳ ಕುರ್ಚಿಯ ಪಕ್ಕದಲ್ಲೇ ಇತ್ತು. ಅವಳ ವಾಸನೆ ಹೋಗಲಿ ಅಂತ ಥೆರಿಯೊನೇ ತೆರೆದಿಟ್ಟ ಕಿಟಕಿ. ವರ್ಡೆಲ್ ಕುರ್ಚಿ ಬಿಡದೆ ಅದರ ಕಡೆ ಬಾಗಿ ಗಂಟಲೆತ್ತಿದಳು.

“ಹನ್ನೆರಡನೇ ಸಾಲು! ಕಪ್ಪು ಪಟ್ಟಿ!”

ಕೆಳಗೆ ಹೋರೇಸ್ ತಾತ ಮುಖವೆತ್ತಿ ಕಿಟಕಿ ನೋಡಿದ. ಅವನಿಗೆ ಅರ್ಥವಾಗುವುದು ಅವಳಿಗೆ ಕಾಣಿಸಿತು. ಮೊದಲನೇ ಸಾಲು, ಎರಡನೇ ಸಾಲು, ಎಲ್ಲ ಅವನ ಮುಖದಲ್ಲಿ ಒಂದೊಂದಾಗಿ ಕುಸಿದವು. ತಾತ ಟೋಪಿ ತೆಗೆದ. ಕೋಲಿನ ಮೇಲೆ ಎರಡೂ ಕೈ ಇಟ್ಟ.

“ತಪ್ಪಾಯ್ತು ಕಣೇ ಮಗಳೇ,” ಅಂದ. ಅಷ್ಟು ಎತ್ತರಕ್ಕೂ ಕೇಳಿಸಿತು.

“ಸಾಲು ಹೇಳಿಕೊಡು ತಾತ!” ಅಂತ ವರ್ಡೆಲ್ ಕೂಗಿದಳು.

ತಾತ ಹೇಳಿಕೊಟ್ಟ. ಕಪ್ಪು ಪಟ್ಟಿ. ನಲವತ್ತು ಮಂದಿ ಎತ್ತಿಕೊಂಡರು. ಬೇರಾವ ಸಾಲನ್ನೂ ಅವರು ಅಷ್ಟು ಎಳೆದಿರಲಿಲ್ಲ. ಅಂಗಡಿ ಸಾಲಿನವರು ಹೊರಬಂದು ನಿಂತರು. ಅರ್ಲೀನ್ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಳು, ಡಾಕ್ಟರಿಗೂ ಕೇಳಲಿ, ಅವರ ಲಾಯರಿಗೂ ಕೇಳಲಿ ಅಂತ.

“ಹದಿಮೂರನೇ ಸಾಲು! ಕಪ್ಪು ಪಟ್ಟಿ!”

ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಇಬ್ಬರು ಪೊಲೀಸ್ ಡೆಪ್ಯುಟಿಗಳು ಬಾಗಿಲಲ್ಲಿ ನಿಂತರು. ಥೆರಿಯೊ ಅವಳ ಕಡೆ ಬೆರಳು ತೋರಿಸಿದ. ಅವರಲ್ಲಿ ಒಬ್ಬ ಕರಿಯ, ಹೊಳೆಯಾಚೆಯ ಚರ್ಚಿನವನು. ಕೆಳಗಿನ ರಾಗ ಅವನಿಗೂ ಗೊತ್ತಿತ್ತು. ಸಾಲು ಮುಗಿಯುವ ತನಕ ಅವನು ಕೈ ಹಾಕಲಿಲ್ಲ. ಮುಗಿದ ಮೇಲೆ ಹಾಕಿದ.

“ಏಳಿ ಅಮ್ಮ. ಎತ್ತಿಕೊಂಡು ಹೋಗಬೇಕಾಗುತ್ತೆ.”

“ಎತ್ಕೋ,” ಅಂದಳು ವರ್ಡೆಲ್. “ಸೀಗಡಿ ವಾಸನೆ ಅಂಟುತ್ತೆ, ನೋಡ್ಕೋ.”

ಇಬ್ಬರೂ ಕುರ್ಚಿ ಸಮೇತ ಅವಳನ್ನು ಎತ್ತಿದರು. ಥೆರಿಯೊ ಆ ಕಡೆಯಿಂದ ಎಳೆದ ಹಾಳೆ ಹರಿದು ಅರ್ಧ ಅವಳ ಮುಷ್ಟಿಯಲ್ಲಿ ಉಳಿಯಿತು. ಕಪ್ಪಿದ್ದ ಅರ್ಧವೇ ಉಳಿಯಿತು. ಟೈಮರ್ ಮತ್ತೆ ಕಿರುಚಿತು. ಬಾಗಿಲು ದಾಟುವ ಮೊದಲು ವರ್ಡೆಲ್ ಕೈ ಚಾಚಿ ಅದನ್ನು ಮೇಜಿನಿಂದ ಎತ್ತಿಕೊಂಡಳು. ತೊಡೆಯ ಮೇಲಿಟ್ಟು ಹತ್ತಕ್ಕೆ ತಿರುಗಿಸಿದಳು.